ನೀರು ಬಿಡುವವನ ಮಗ

ಲೂರ್ದುಸ್ವಾಮಿಯ ಬಳಿ ಎತ್ತರದ ವಸ್ತುಗಳು ಎರಡಿದ್ದವು. ಒಂದು ಅವನ ಅಲ್ಯೂಮಿನಿಯಂ ಏಣಿ, ಇನ್ನೊಂದು ಅವನ ಮರ್ಯಾದೆ. ಏಣಿಯಿಂದ ಅವನು ದಿನಾ ಇಳಿಯುತ್ತಿದ್ದ. ಮರ್ಯಾದೆಯಿಂದ ಇಳಿದದ್ದು ಒಂದೇ ಸಲ, ಅದೂ ಮಹಾಲಯ ಅಮಾವಾಸ್ಯೆಯ ದಿನ, ಕೈಯಲ್ಲೊಂದು ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು.

ಮೇಟಗಳ್ಳಿಯಲ್ಲಿ ಕಾರ್ಖಾನೆಗಳ ಬೆನ್ನಿಗೆ ಅಂಟಿಕೊಂಡಿರುವ ಆ ಬೀದಿಯಲ್ಲಿ ಇಂಟರ್ನೆಟ್ ಎಂದರೆ ಲೂರ್ದುಸ್ವಾಮಿ. ದೊಡ್ಡ ಕಂಪನಿಯೊಂದರಿಂದ ದಪ್ಪನೆಯ ಲೈನು ತೆಗೆದುಕೊಂಡು, ತನ್ನ ಮನೆಯ ಮುಂದಿನ ಕೋಣೆಯಲ್ಲಿ ಪಿಳಿಪಿಳಿ ಎನ್ನುವ ಡಬ್ಬಿಗಳಿಗೆ ಸಿಕ್ಕಿಸಿ, ಅಲ್ಲಿಂದ ಕಂಬಕ್ಕೆ, ಕಂಬದಿಂದ ತೆಂಗಿನಮರಕ್ಕೆ, ತೆಂಗಿನಮರದಿಂದ ಮಹಡಿಗಳಿಗೆ ಎಳೆದು ಮನೆಮನೆಗೆ ಹಂಚುತ್ತಿದ್ದ. ಯಾರ ಮನೆಯಲ್ಲಿ ಸಿನಿಮಾ ನಿಂತರೂ ಜನ ಕಂಪನಿಯನ್ನು ಬೈಯುತ್ತಿರಲಿಲ್ಲ. ಕಂಪನಿ ಎಲ್ಲಿದೆಯೋ ಯಾರಿಗೆ ಗೊತ್ತು? ಲೂರ್ದುಸ್ವಾಮಿಯ ಮನೆ ಎಲ್ಲರಿಗೂ ಗೊತ್ತಿತ್ತು.

ಹಂಚುವ ಕೆಲಸ ಅವನ ರಕ್ತದಲ್ಲೇ ಇತ್ತು ಅನ್ನಬೇಕು. ಅವನ ಅಪ್ಪ ಇನ್ನಾಸಪ್ಪ ನೀರು ಬಿಡುವವನು. ಹೆಗಲ ಮೇಲೆ ಆಳುದ್ದದ ಕಬ್ಬಿಣದ ಕೀಲಿ ಹೊತ್ತು ಬೆಳಗಿನ ಜಾವ ಬೀದಿಬೀದಿಯ ವಾಲ್ವು ತಿರುಗಿಸುತ್ತ ಹೋಗುತ್ತಿದ್ದ. ಬಡಿಸುವವನು ನಮ್ಮವನಾದರೆ ಕೊನೆಯ ಪಂಕ್ತಿಯಲ್ಲಿ ಕೂತರೂ ಚಿಂತೆಯಿಲ್ಲ ಎಂದು ಗಾದೆ ಇದೆಯಲ್ಲ, ಅದನ್ನು ಕಟ್ಟಿದವರು ಇನ್ನಾಸಪ್ಪನನ್ನು ಕಂಡಿರಲಿಕ್ಕಿಲ್ಲ. ಆ ಮನೆಯಲ್ಲಿ ಬಡಿಸುವವನೂ ನಮ್ಮವನೇ, ಕೊನೆಯ ಪಂಕ್ತಿಯೂ ನಮ್ಮದೇ, ನೀರು ಮಾತ್ರ ಇಲ್ಲ. ಊರಿಗೆಲ್ಲ ಬಿಟ್ಟಾದ ಮೇಲೆ ಪೈಪಿನಲ್ಲಿ ಉಳಿದ ಉಸಿರು ಅವನ ಸ್ವಂತ ನಲ್ಲಿಗೆ ಬರುತ್ತಿತ್ತು. ಹೆಂಡತಿ ಬಿಂದಿಗೆ ಕುಕ್ಕಿ ಕೇಳಿದರೆ, "ನಮ್ಮನೆಗೆ ಮೊದ್ಲು ಬುಟ್ರೆ ನಾಳೆ ಬೀದೀಲಿ ತಲೆ ಎತ್ಕಂಡು ಕೀಲಿ ಹೊರೋಕಾಯ್ತದಾ?" ಅನ್ನುತ್ತಿದ್ದ. ಆ ಮಾತು ಮಗನ ಕಿವಿಯಲ್ಲಿ ಚಿಕ್ಕಂದಿನಲ್ಲೇ ಕೂತುಬಿಟ್ಟಿತು. ಅಪ್ಪ ಹೇಳಿದ ಬೇರೆ ಮಾತುಗಳು ಅಷ್ಟಾಗಿ ಕೂರಲಿಲ್ಲ.

ಬೆಳೆದ ಲೂರ್ದುಸ್ವಾಮಿ ನೀರಿನ ಬದಲು ಕೇಬಲ್ ಟಿವಿ ಹಂಚಿದ. ಆಗ ಅವನದೇ ಒಂದು ಚಾನೆಲ್ ಕೂಡ ಇತ್ತು. ಭಾನುವಾರ ಮಧ್ಯಾಹ್ನ ಅದರಲ್ಲಿ ಬೀದಿಯವರ ಮದುವೆಯ ಕ್ಯಾಸೆಟ್ಟುಗಳನ್ನು ಹಾಕುತ್ತಿದ್ದ. ತಮ್ಮ ಮದುವೆಯನ್ನು ತಾವೇ ಟಿವಿಯಲ್ಲಿ ನೋಡಲು ಜನ ಬಾಗಿಲು ಹಾಕಿಕೊಂಡು ಕೂರುತ್ತಿದ್ದರು. ಆಮೇಲೆ ಮಹಡಿಗಳ ಮೇಲೆ ಬೋಗುಣಿಯಂಥ ಡಿಶ್ಶುಗಳು ಎದ್ದವು, ಚಾನೆಲ್ ಮುಚ್ಚಿತು, ಕ್ಯಾಸೆಟ್ಟುಗಳು ಅವರವರ ಮನೆ ಸೇರಿದವು. ಲೂರ್ದುಸ್ವಾಮಿ ಹಳೆಯ ತಂತಿ ಸುತ್ತಿಟ್ಟು ಹೊಸ ತಂತಿ ಎಳೆದ. ಹಂಚುವ ವಸ್ತು ಬದಲಾದರೂ ಕಾನೂನು ಬದಲಾಗಲಿಲ್ಲ. ಅವನ ಸ್ವಂತ ಮನೆಗೆ ಎಲ್ಲಕ್ಕಿಂತ ನಿಧಾನದ ಇಂಟರ್ನೆಟ್. ಮಗಳು ವಿನೀತಾ ಲಕ್ಷ್ಮೀಪುರಂನ ಸ್ಟುಡಿಯೋ ಒಂದರಲ್ಲಿ ವಿಡಿಯೋ ಎಡಿಟಿಂಗ್ ಮಾಡುವವಳು. ಮನೆಯಲ್ಲಿ ಕೆಲಸ ಮಾಡಬೇಕಾಗಿ ಬಂದಾಗಲೆಲ್ಲ ಅವಳು ಅಜ್ಜನನ್ನು ನೆನೆದು ಹಲ್ಲು ಕಡಿಯುತ್ತಿದ್ದಳು.

ದಸರೆ ಹತ್ತಿರ ಬಂದರೆ ಮೈಸೂರಿಗೆ ಮದುವಣಗಿತ್ತಿಯ ಕಳೆ ಬರುತ್ತದೆ ಎನ್ನುತ್ತಾರೆ. ಕಳೆಯೇನೋ ಅರಮನೆಯ ಸುತ್ತ. ಮೇಟಗಳ್ಳಿಗೆ ಬರುವುದು ಜೆಸಿಬಿ. ಆ ವರ್ಷ ಕೆಆರ್‌ಎಸ್ ರಸ್ತೆಯಲ್ಲಿ ದೀಪದ ಕಂಬ ನೆಡಲು ಗುಂಡಿ ತೋಡುತ್ತಿದ್ದ ಜೆಸಿಬಿಯೊಂದು, ಅಮಾವಾಸ್ಯೆಯ ಬೆಳಿಗ್ಗೆ, ಲೂರ್ದುಸ್ವಾಮಿಯ ದಪ್ಪ ಲೈನನ್ನು ಬೇರಿನಂತೆ ಮೇಲೆತ್ತಿ ಕತ್ತರಿಸಿತು.

ಹಬ್ಬದ ರಜೆ. ಇಡೀ ಬೀದಿ ಮನೆಯಲ್ಲೇ ಇತ್ತು. ಲೂರ್ದುಸ್ವಾಮಿಯ ಬಳಿ ಆಪತ್ಕಾಲಕ್ಕೆಂದು ಇನ್ನೊಂದು ಲೈನಿತ್ತು, ಆದರೆ ಅದು ಎಳನೀರಿಗೆ ಹಾಕುವ ಕೊಳವೆಯಷ್ಟು ಸಣ್ಣದು. ಬೀದಿಯ ಎಲ್ಲ ಬಾಯಿಗಳೂ ಒಟ್ಟಿಗೇ ಅದಕ್ಕೆ ಬಿದ್ದವು. ಯಾರಿಗೂ ಏನೂ ಬರಲಿಲ್ಲ. ಕಂಪನಿಯವರು ಸಂಜೆಯೊಳಗೆ ಸರಿಮಾಡುತ್ತೇವೆ ಎಂದರು. ಯಾವ ಸಂಜೆ ಎಂದು ಹೇಳಲಿಲ್ಲ.

ಸ್ವಲ್ಪ ಹೊತ್ತಿಗೆಲ್ಲ ಅವನ ಜಗಲಿಯ ಮುಂದೆ ಸಭೆ ಸೇರಿತು. ಲೂರ್ದುಸ್ವಾಮಿ ಏಣಿಯ ಎರಡನೇ ಮೆಟ್ಟಿಲ ಮೇಲೆ ನಿಂತು ಹೇಳಿದ: "ನೋಡ್ರಪ್ಪಾ, ಇರೋದು ಒಂದ್ ಚೊಂಬು ನೀರು. ಯಾರೋ ಕೆಲವ್ರು ಸ್ನಾನಕ್ಕೆ ತಕ್ಕಂಡು ಹೋಗ್ತಾವ್ರೆ. ಈ ಫೈಲ್ ಶೇರಿಂಗ್ ಅಂತದಲ್ಲ, ದೊಡ್ಡದೊಡ್ಡ ಫೈಲು ಒಬ್ರಿಂದೊಬ್ರು ಎಳ್ಕೊಳೋದು, ಅದೇ ಎಲ್ಲಾ ಕುಡೀತದೆ. ಲೈನ್ ಸರಿಯಾಗೋಗಂಟ ಅದ್ಕೆ ಕಡಿವಾಣ ಹಾಕನಾ ಅಂತಿದೀನಿ. ಏನಂತೀರಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಟೈರು ಕಾರ್ಖಾನೆಯಿಂದ ನಿವೃತ್ತನಾದ ಶಿವರಾಮು ತಕ್ಷಣ ಎದ್ದು ನಿಂತ. ಅವನ ಮನೆಯ ಕಂಪ್ಯೂಟರು ಹಗಲೂ ರಾತ್ರಿ ಹಳೆಯ ಸಿನಿಮಾಗಳನ್ನು ಎಳೆದು ಹಾಕಿಕೊಳ್ಳುತ್ತಿತ್ತು ಎಂಬುದು ಬೀದಿಗೇ ತಿಳಿದ ಗುಟ್ಟು.

"ಅದೆಂಗೆ ಆಯ್ತದೆ ಲೂರ್ದಣ್ಣ? ನಾನು ತಗೊಳೋದು ಮಾತ್ರ ಅಲ್ಲ ಕಣ್ರೀ, ಕೊಡ್ತಾನೂ ಇರ್ತೀನಿ. ಹಂಚಿ ತಿನ್ನೋನ್ಗೆ ಬೀಗ, ಒಬ್ಬನೇ ನುಂಗೋನ್ಗೆ ಬಾಗ್ಲು ತೆಗ್ದಿರ್ಲಿ ಅಂದ್ರೆ ಇದ್ಯಾವ ನ್ಯಾಯ?"

"ನುಂಗೋರು ಯಾರಪ್ಪಾ ಇಲ್ಲಿ?" ಎಂದಳು ಪಕ್ಕದ ಮನೆಯ ನಾಗಮಣಿ. ಅವಳು ಹೊಲಿಗೆ ಯಂತ್ರದ ಮುಂದೆ ಫೋನ್ ನಿಲ್ಲಿಸಿಕೊಂಡು ಹಗಲೆಲ್ಲ ಸೀರಿಯಲ್ ನೋಡುವವಳು. "ನಾನು ನೋಡ್ತೀನಿ, ಬುಟ್ಬುಡ್ತೀನಿ. ಫೈಲೂ ಇಲ್ಲ ಗೈಲೂ ಇಲ್ಲ. ಇವ್ರಂಗೆ ತುಂಬಿಟ್ಕಳಲ್ಲ."

"ನಿನ್ ಸೀರಿಯಲ್ಲು ಎಷ್ಟು ಕುಡೀತದೆ ಗೊತ್ತಾ ನಿಂಗೆ?"

"ಅತ್ತೆ ಸೊಸೆ ಅಳೋದ್ಕೆ ಎಷ್ಟು ಬೇಕಾದಾತು ಬುಡಿ!"

ವಾದ ಅರ್ಧ ಗಂಟೆ ನಡೆಯಿತು. ಕೊನೆಗೆ ಫೈಲ್ ಶೇರಿಂಗಿಗೆ ಕಡಿವಾಣ ಹಾಕಬೇಕೆಂದು ಹೆಚ್ಚುಕಡಿಮೆ ಎಲ್ಲರೂ ಕೈ ಎತ್ತಿದರು. ಏಕೆಂದರೆ ಫೈಲ್ ಶೇರಿಂಗ್ ಎಂದರೆ ಬೇರೆಯವರು ಮಾಡುವ ಕೆಲಸ ಎಂದು ಪ್ರತಿಯೊಬ್ಬರೂ ನಂಬಿದ್ದರು. ಶಿವರಾಮು ಕೈ ಎತ್ತಲಿಲ್ಲ, ಬೆರಳು ಎತ್ತಿದ.

"ಆಯ್ತು ಲೂರ್ದಣ್ಣ. ಒಪ್ದೆ. ಆದ್ರೆ ಒಂದ್ ಮಾತು. ಯಾರ್ಗೂ ಬುಡಂಗಿಲ್ಲ. ನಿಮ್ಮನೆಗೂ ಸೇರ್ಸಿ."

"ನಾನು ಇನ್ನಾಸಪ್ಪನ್ ಮಗ ಕಣಯ್ಯಾ," ಎಂದ ಲೂರ್ದುಸ್ವಾಮಿ. "ನಮ್ಮನೆ ಯಾವತ್ತೂ ಕೊನೇದು."

ಎದೆಯುಬ್ಬಿಸಿ ಒಳಗೆ ಹೋದ. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದ. ಬೀದಿಯ ಫೈಲ್ ಶೇರಿಂಗೆಲ್ಲ ಒಂದೇ ಏಟಿಗೆ ತೊಟ್ಟಿಕ್ಕುವ ನಲ್ಲಿಯಂತಾಯಿತು. ನಾಗಮಣಿಯ ಮನೆಯಿಂದ ಅತ್ತೆ ಸೊಸೆಯರ ಅಳು ಮತ್ತೆ ಕೇಳತೊಡಗಿತು. ತೃಪ್ತಿಯಿಂದ ತಿರುಗಿ ನೋಡಿದರೆ ಬಾಗಿಲಲ್ಲಿ ಹೆಂಡತಿ ಅಂತೋಣಮ್ಮ, ಅವಳ ಹಿಂದೆ ವಿನೀತಾ. ಇಬ್ಬರ ಮುಖದಲ್ಲೂ ಹಬ್ಬದ ಕಳೆ ಇರಲಿಲ್ಲ.

"ಏನ್ ಮಾಡುದ್ರಿ?" ಎಂದಳು ಅಂತೋಣಮ್ಮ.

"ಬೀದಿಗೆ ನ್ಯಾಯ ಮಾಡ್ದೆ."

"ಸಿದ್ದಲಿಂಗಮ್ಮಂಗೆ ಏನ್ ಮಾಡುದ್ರಿ ಅಂತ ಕೇಳ್ದೆ."

ಆಗ ಲೂರ್ದುಸ್ವಾಮಿಗೆ ನೆನಪಾಯಿತು. ನೆನಪಾದ ಕೂಡಲೇ ಉಬ್ಬಿದ್ದ ಎದೆ ಸ್ವಲ್ಪ ಇಳಿಯಿತು.

ಸಿದ್ದಲಿಂಗಮ್ಮ ಎದುರು ಮನೆಯವಳು, ಅಂತೋಣಮ್ಮನ ಮೂವತ್ತು ವರ್ಷದ ಗೆಳತಿ. ಅವಳ ಗಂಡ ಸಿದ್ದಪ್ಪಾಜಿ ಅಡುಗೆಯವನು. ಆ ಬೀದಿಯಲ್ಲಿ ಮದುವೆ ಯಾರ ಮನೆಯದಾದರೂ ಒಲೆಯ ಮುಂದೆ ನಿಲ್ಲುತ್ತಿದ್ದವನು ಅವನೇ. ಅಲ್ಲಿನ ಕ್ರೈಸ್ತರ ಮದುವೆಯ ಬಿರಿಯಾನಿಯೂ ಅವನದೇ, ಹಿಂದೂಗಳ ಬೀಗರ ಊಟವೂ ಅವನದೇ. ದೊಡ್ಡ ಬಾಯಿ, ಬಾಯಿಗಿಂತ ದೊಡ್ಡ ನಗು. ಚಳಿಗಾಲದಲ್ಲಿ ಒಂದು ದಿನ ಮಲಗಿದವನು ಏಳಲಿಲ್ಲ. ಈ ಮಹಾಲಯ ಅಮಾವಾಸ್ಯೆ ಅವನಿಗೆ ಮೊದಲ ಎಡೆ. ಹೊಸ ಪಂಚೆ, ಷರಟು, ಅವನಿಗಿಷ್ಟವಾದ ಅಡುಗೆ, ಎಲ್ಲದರ ಹಿಂದೆ ಅವನ ಪಟ. ಎಲ್ಲ ಸಿದ್ಧವಾಗಿತ್ತು, ಪಟವೊಂದನ್ನು ಬಿಟ್ಟು. ಊರಿನ ಮದುವೆಗೆಲ್ಲ ಅಡುಗೆ ಮಾಡಿದವನು ಒಂದು ಫೋಟೋಗೆ ನೆಟ್ಟಗೆ ನಿಂತಿರಲಿಲ್ಲ. ಇದ್ದದ್ದು ಆಧಾರ್ ಕಾರ್ಡಿನದು ಮಾತ್ರ.

ಹಿಂದಿನ ದಿನ ಆ ಕಾರ್ಡು ಹಿಡಿದುಕೊಂಡು ಬಂದು ಸಿದ್ದಲಿಂಗಮ್ಮ ಅಂತೋಣಮ್ಮನ ಅಡುಗೆಮನೆಯಲ್ಲಿ ಕೂತು ಅತ್ತಿದ್ದಳು. "ನೋಡಕ್ಕಾ, ಇದ್ಯಾರು? ಸ್ಟೇಷನ್ ಗೋಡೆಗೆ ಅಂಟಿಸ್ತಾರಲ್ಲ, ಅಂಗವ್ನೆ. ಇದ್ನ ಇಟ್ಟು ಎಡೆ ಹಾಕುದ್ರೆ ನಮ್ಮೆಜಮಾನ್ರು ಬಂದಾರಾ? ಯಾವನೋ ಕಳ್ಳ ಬಂದು ಉಂಡ್ಕಂಡು ಹೋಯ್ತಾನೆ. ನಗ್ತಿರೋ ಮುಖ ಒಂದಿದ್ದಿದ್ರೆ..." ಅಳುತ್ತಲೇ ನಕ್ಕಳು, ನಗುತ್ತಲೇ ಮತ್ತೆ ಅತ್ತಳು.

ಉಪಾಯ ಹೊಳೆದದ್ದು ವಿನೀತಾಳಿಗೆ. ಬೀದಿಯ ಮದುವೆ ಕ್ಯಾಸೆಟ್ಟುಗಳನ್ನೆಲ್ಲ ಬೂಷ್ಟು ಹಿಡಿಯುವ ಮೊದಲೇ ಕಂಪ್ಯೂಟರಿಗೆ ಇಳಿಸಿಕೊಟ್ಟವಳು ಅವಳೇ. ಪ್ರತಿ ಮನೆಯ ಮದುವೆ ಆಯಾ ಮನೆಯ ಕಂಪ್ಯೂಟರಿನಲ್ಲಿತ್ತು, ಅಕ್ಕಪಕ್ಕದವರು ಬೇಕೆಂದಾಗ ಒಬ್ಬರದನ್ನೊಬ್ಬರು ಎಳೆದುಕೊಂಡು ನೋಡುವಂತೆ ವ್ಯವಸ್ಥೆಯನ್ನೂ ಮಾಡಿದ್ದಳು. ಸಿದ್ದಪ್ಪಾಜಿ ತನ್ನದೆನ್ನುವ ಫೋಟೋಗೆ ನಿಲ್ಲದಿದ್ದರೇನಂತೆ, ಆ ಎಲ್ಲ ಮದುವೆಗಳ ಮೂಲೆಯಲ್ಲಿ ಸೌಟು ಹಿಡಿದು ನಿಂತಿರಬೇಕಲ್ಲ? ಎಲ್ಲವನ್ನೂ ತರಿಸಿಕೊಂಡು ಹುಡುಕಿದರೆ ಎಲ್ಲೋ ಒಂದು ಕಡೆ ನಗುವ ಮುಖ ಸಿಕ್ಕೇ ಸಿಗುತ್ತದೆ. ಒಂದೊಂದು ಮದುವೆಯೂ ಮೂರು ಮೂರು ಗಂಟೆಯದು, ಬೆಟ್ಟದಷ್ಟು ದೊಡ್ಡ ಫೈಲು. ಬೆಳಿಗ್ಗೆಯಿಂದ ಅವು ಒಂದೊಂದಾಗಿ ಬರುತ್ತಿದ್ದವು. ಅಪ್ಪ ಗುಂಡಿ ಒತ್ತಿದ, ನಿಂತವು.

"ಅಪ್ಪಾ," ಎಂದಳು ವಿನೀತಾ, "ಇದು ಆ ಸಣ್ಣ ಲೈನಿಗೆ ಹೋಗೋದೇ ಇಲ್ಲ. ನಾಗಮಣಿ ಆಂಟಿ ಮನೆಯಿಂದ ನಿಮ್ಮ ಡಬ್ಬಿಗೆ ಬರುತ್ತೆ, ಡಬ್ಬಿಯಿಂದ ನನ್ನ ಕಂಪ್ಯೂಟರಿಗೆ ಬರುತ್ತೆ. ಬೀದಿ ದಾಟೋದೇ ಇಲ್ಲ. ಹೊರಗಿಂದಕ್ಕೆ ಮಾತ್ರ ಕಡಿವಾಣ ಇಟ್ಟು ಒಳಗಿಂದು ಬಿಟ್ಟುಬಿಡಿ."

ಅದು ನಿಜವೆಂದು ಲೂರ್ದುಸ್ವಾಮಿಗೆ ಗೊತ್ತಿಲ್ಲದೆ ಇರಲಿಲ್ಲ. ತಂತಿ ಎಳೆದವನು ಅವನೇ. ಆದರೆ ಕಣ್ಣ ಮುಂದೆ ಶಿವರಾಮುವಿನ ಬೆರಳು ಆಡುತ್ತಿತ್ತು.

"ಈಗ ತಾನೆ ಏಣಿ ಮೇಲೆ ನಿಂತು ಯಾರ್ಗೂ ಬುಡಲ್ಲ ಅಂದಿದೀನಿ. ಒಳಗ್ಬಂದು ಹೆಂಡ್ತಿ ಮಗಳಿಗೆ ಬುಟ್ಟೆ ಅಂದ್ರೆ ಜನ ಏನಂದಾರು? ಒಳಗಿಂದು ಹೊರಗಿಂದು ಅಂತ ಯಾರ್ಗೆ ಬುಡಿಸಿ ಹೇಳ್ಲಿ? ಆಗಲ್ಲ. ಅಪ್ಪ ಆಗಿದ್ರೂ ಹಿಂಗೇ ಮಾಡ್ತಿದ್ರು."

ಅಂತೋಣಮ್ಮ ಜಗಳವಾಡಲಿಲ್ಲ. ಆಡಿದ್ದರೆ ಅವನು ಗೆಲ್ಲುತ್ತಿದ್ದನೋ ಏನೋ. ಅವಳು ಒಳಗೆ ಹೋಗಿ ಸೀರೆ ಅಂಗಡಿಯ ಚೀಲವೊಂದನ್ನು ತಂದಳು, ವಿನೀತಾಳ ಮೇಜಿನ ಮೇಲಿದ್ದ ಹಾರ್ಡ್ ಡಿಸ್ಕನ್ನು ಅದರಲ್ಲಿ ಹಾಕಿದಳು, ಗಂಡನ ಕೈಗಿತ್ತಳು.

"ತಂತೀಲಿ ಬರಂಗಿಲ್ಲ ತಾನೆ? ಸರಿ. ದೇವ್ರು ಕಾಲ್ ಕೊಟ್ಟವ್ನೆ. ಮನೆಮನೆಗೂ ನೀವೇ ಹೋಗಿ ತುಂಬಿಸ್ಕಬನ್ನಿ. ಕತ್ಲಾಗೋದ್ರೊಳ್ಗೆ ಪಟ ಆಗ್ಬೇಕು. ಹೊರಡಿ."

ಹೀಗೆ, ಫೈಲ್ ಶೇರಿಂಗಿಗೆ ಕಡಿವಾಣ ಹಾಕಿದ ಮನುಷ್ಯ, ಹಾಕಿದ ಒಂದು ಗಂಟೆಯೊಳಗೆ, ಚೀಲ ಹಿಡಿದು ಮನೆಮನೆಗೆ ಫೈಲ್ ಶೇರಿಂಗಿಗೆ ಹೊರಟ.

ಮೊದಲು ನಾಗಮಣಿಯ ಮನೆ. ಅವಳ ಕಂಪ್ಯೂಟರು ಮಗ್ಗಲು ಬದಲಿಸಲೂ ಯೋಚಿಸುವಂಥದ್ದು. ಫೈಲು ತುಂಬುವುದನ್ನು ಕಾಯುತ್ತ ಲೂರ್ದುಸ್ವಾಮಿ ಸ್ಟೂಲಿನ ಮೇಲೆ ಕೂತ. ಬರಿಗೈಯಲ್ಲಿ ಕಾಯುವುದುಂಟೇ ಎಂದು ನಾಗಮಣಿ ಕಾಫಿ ಕೊಟ್ಟಳು. ಕಾಫಿ ಕುಡಿಯುವಾಗ ಸುಮ್ಮನಿರುವುದುಂಟೇ ಎಂದು ಸೀರಿಯಲ್ಲಿನ ಕಥೆಯನ್ನು ಮೊದಲಿನಿಂದ ಹೇಳಿದಳು. ಸೊಸೆಗೆ ವಿಷವಿಟ್ಟದ್ದು ಅತ್ತೆಯಲ್ಲ, ಅತ್ತೆಯ ಅವಳಿ ತಂಗಿ ಎಂದು ತಿಳಿಯುವ ಹೊತ್ತಿಗೆ ಫೈಲು ತುಂಬಿತ್ತು.

ಬೀದಿಗೆ ಕಾಲಿಟ್ಟರೆ ಎದುರಿಗೇ ಶಿವರಾಮು, ಗೇಟಿಗೆ ಒರಗಿಕೊಂಡು.

"ಏನ್ ಲೂರ್ದಣ್ಣ, ಚೀಲ? ಸೀರೆ ತಂದ್ರಾ?"

"ಇಲ್ಲ. ನಾಗಮಣಿ ಮದ್ವೆ."

"ಅದು ಆಗಿ ಎಷ್ಟೋ ವರ್ಷ ಆಯ್ತಲ್ಲ!" ಶಿವರಾಮು ಚೀಲದೊಳಗೆ ಇಣುಕಿದ. ಅವನ ಮುಖ ನಿಧಾನವಾಗಿ ಅರಳಿತು. "ಅಯ್ ಶಿವನೇ! ಹಾರ್ಡ್ ಡಿಸ್ಕು! ಅಲ್ಲಿಂದ ತಗೊಂಡು ಇಲ್ಲಿಗೆ, ಇಲ್ಲಿಂದ ತಗೊಂಡು ಅಲ್ಲಿಗೆ. ನಾನು ಕೂತ್ಕಂಡು ಮಾಡುದ್ರೆ ತಪ್ಪು, ನೀವು ನಡ್ಕಂಡು ಮಾಡುದ್ರೆ ನ್ಯಾಯವಾ?"

ಲೂರ್ದುಸ್ವಾಮಿಯ ಕಿವಿ ಕೆಂಪಾಯಿತು. ಸುಳ್ಳು ಹೇಳುವ ಅಭ್ಯಾಸವಿಲ್ಲದವನು, ಸಿದ್ದಪ್ಪಾಜಿಯ ಪಟದ ವಿಷಯವನ್ನು ಇದ್ದಂತೆ ಹೇಳಿದ. ಶಿವರಾಮುವಿನ ನಗು ನಿಂತಿತು. ಅವನ ಮಗಳು ಮಾಲಾಳ ಮದುವೆಗೂ ಅಡುಗೆ ಸಿದ್ದಪ್ಪಾಜಿಯದೇ. ಬೀಗರ ಕಡೆಯವರು ಹೇಳಿದ್ದಕ್ಕಿಂತ ಎರಡು ಬಸ್ಸು ಹೆಚ್ಚಿಗೆ ಬಂದಾಗ ಒಬ್ಬನನ್ನೂ ಹಸಿದು ಕಳಿಸದೆ ಮಾನ ಕಾಪಾಡಿದವನು.

"ಮೊದ್ಲೇ ಹೇಳೋಕೇನಾಗಿತ್ರೀ? ಬನ್ನಿ ಒಳ್ಗೆ," ಎಂದು ಕೈ ಹಿಡಿದು ಎಳೆದುಕೊಂಡು ಹೋದ. ಹೋಗುವಾಗ ಮಾತ್ರ ಇಡೀ ಬೀದಿಗೆ ಕೇಳುವಂತೆ ಕೂಗಿದ: "ಏಯ್, ನೋಡ್ರಪ್ಪಾ! ಲೂರ್ದಣ್ಣನ ಕಾಲ್ ಮೇಲೇ ಫೈಲ್ ಶೇರಿಂಗ್ ನಡೀತಾ ಅದೆ!"

ಅಲ್ಲಿಂದ ಮುಂದೆ ಮರ್ಯಾದೆ ಅನ್ನುವುದು ಬೀದಿಯ ಪಾಲಾಯಿತು. ಯಾವ ಮನೆಗೆ ಹೋದರೂ ನಗು, ಯಾವ ಮನೆಗೆ ಹೋದರೂ ಕಾಫಿ. "ಎಷ್ಟು ಸ್ಪೀಡು ಲೂರ್ದಣ್ಣ?" ಎಂದು ಮಹಡಿಯ ಮೇಲಿಂದ ಕೇಳಿದರು. ಹಬ್ಬದ ವಡೆ ಕೈಗಿಟ್ಟರು. ಫೈಲು ತುಂಬುವತನಕ ತಮ್ಮ ಮದುವೆ ನೋಡಲೇಬೇಕೆಂದು ಹಟ ಹಿಡಿದು ಕೂರಿಸಿದರು. ತಾನೇ ಚಾನೆಲ್ಲಿನಲ್ಲಿ ಹಾಕುತ್ತಿದ್ದ ಮದುವೆಗಳನ್ನು ಲೂರ್ದುಸ್ವಾಮಿ ಮೊದಲ ಸಲ ಕೂತು ನೋಡಿದ. ಸತ್ತವರು ಸಾಲಾಗಿ ಕೂತು ಹೋಳಿಗೆ ತಿನ್ನುತ್ತಿದ್ದರು. ಆಮೇಲೆ ಅವನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಪ್ರತಿ ಮನೆಯಿಂದಲೂ ತಂದು ಸುರಿದದ್ದನ್ನು ವಿನೀತಾ ಓಡಿಸಿ ಓಡಿಸಿ ನೋಡುತ್ತಿದ್ದಳು. ಸಿದ್ದಪ್ಪಾಜಿ ಇದ್ದ. ನಾಗಮಣಿಯ ಮದುವೆಯಲ್ಲಿ ಅವನ ಬೆನ್ನು. ಇನ್ನೊಂದರಲ್ಲಿ ಮೊಣಕೈ ಮತ್ತು ಸೌಟು. ಮಾಲಾಳ ಮದುವೆಯಲ್ಲಿ ಮುಖವೇನೋ ಸಿಕ್ಕಿತು, ಆದರೆ ಕ್ಯಾಮರಾದವನನ್ನು ಅಟ್ಟಿಸಿಕೊಂಡು ಬರುತ್ತಿದ್ದ ಮುಖ. ಅದನ್ನು ಎಡೆಯ ಹಿಂದೆ ಇಟ್ಟರೆ ಉಣ್ಣಲು ಬಂದ ಉಳಿದ ಹಿರಿಯರೂ ಓಡಿಹೋಗುತ್ತಾರೆ. ನಗುವ ಮುಖ ಎಲ್ಲೂ ಇರಲಿಲ್ಲ. ಎದುರು ಮನೆಯಿಂದ ಸಾರಿನ ಘಮ ಬರತೊಡಗಿತು. ಸಿದ್ದಲಿಂಗಮ್ಮ ಒಂದು ಸಲ ಬಂದು ಬಾಗಿಲಲ್ಲಿ ನಿಂತಳು, ವಿನೀತಾಳ ಮುಖ ನೋಡಿ ಹಾಗೇ ತಿರುಗಿ ಹೋದಳು. ಆ ಬೆನ್ನನ್ನೇ ನೋಡುತ್ತ ಲೂರ್ದುಸ್ವಾಮಿ ಲೆಕ್ಕ ಹಾಕಿದ. ಬೆಳಿಗ್ಗೆಯೇ ಬಿಟ್ಟಿದ್ದರೆ ಇಷ್ಟು ಹೊತ್ತಿಗೆ ಎಲ್ಲ ಬಂದು, ಹುಡುಕಿ, ಪಟವೂ ಆಗಿರುತ್ತಿತ್ತು.

ಉಳಿದದ್ದು ಬೀದಿಯ ಕೊನೆಯ ಮನೆ, ರಾಬರ್ಟನದು. ರಾಬರ್ಟ್ ಅಂತೋಣಮ್ಮನ ಚಿಕ್ಕಪ್ಪನ ಮಗ. ಕಡಕೊಳದ ಕಾರ್ಖಾನೆಯಲ್ಲಿ ಮೇಸ್ತ್ರಿ. ಲೂರ್ದುಸ್ವಾಮಿ ಈ ಸಲ ಕಾಫಿ ಬೇಡವೆಂದು ಕೈ ಮುಗಿದ.

"ಬಾವ, ನಮ್ದು ಎರಡವೆ," ಎಂದ ರಾಬರ್ಟ್. "ಒಂದು ಸ್ಟುಡಿಯೋದವ್ರು ಕತ್ತರಿಸಿ ಸಿನಿಮಾ ಹಾಡು ಸೇರ್ಸಿ ಕೊಟ್ಟಿದ್ದು, ನೀವು ಚಾನೆಲ್ಲಲ್ಲಿ ಹಾಕ್ತಿದ್ರಲ್ಲ, ಅದು. ಇನ್ನೊಂದು ಕತ್ತರಿಸ್ದೆ ಇರೋದು. ಬರೀ ಗಲಾಟೆ. ಯಾವ್ದು ಬೇಕು?"

"ಎರಡೂ ಹಾಕಪ್ಪ."

ಗಲಾಟೆಯದನ್ನು ವಿನೀತಾ ತೆರೆದಾಗ ಅಂತೋಣಮ್ಮ, ಲೂರ್ದುಸ್ವಾಮಿ ಇಬ್ಬರೂ ಅವಳ ಹಿಂದೆ ನಿಂತಿದ್ದರು. ಪರದೆಯ ಮೇಲೆ ರಾಬರ್ಟನ ಮನೆಯ ಹಿತ್ತಲು. ಎರಡು ದೊಡ್ಡ ಹಂಡೆ, ಹೊಗೆ, ನಡುವೆ ಸಿದ್ದಪ್ಪಾಜಿ, ತಲೆಗೆ ಟವೆಲು. ಅವನು ಕೂಗಾಡುತ್ತಿದ್ದ: "ಅಕ್ಕಿ ತೊಳ್ಯೋಕೆ ನೀರಿಲ್ಲ, ಬಿರಿಯಾನಿ ಎಲ್ಲಿಂದ ಮಾಡ್ಲಿ? ಆ ನೀರ್ ಬುಡೋ ಇನ್ನಾಸಣ್ಣ ಎಲ್ಲೋದ? ಅವ್ನ ಸೊಸೆ ತಮ್ಮನ್ ಮದ್ವೆಗೂ ಬುಡಲ್ವಂತಾ?" ಆ ದಿನ ಎಲ್ಲೋ ಮೇನ್ ಪೈಪು ಒಡೆದು ಮೇಟಗಳ್ಳಿಗೇ ನೀರಿರಲಿಲ್ಲ. ಲೂರ್ದುಸ್ವಾಮಿಗೆ ಮಸುಕಾಗಿ ನೆನಪಿತ್ತು. ತಾನು ಆಗ ಮಹಡಿಯ ಮೇಲೆ ಸೀರಿಯಲ್ ಸೆಟ್ಟಿನ ದೀಪ ಕಟ್ಟುತ್ತಿದ್ದ.

ಕ್ಯಾಮರಾ ತಿರುಗಿತು. ಪಕ್ಕದ ಮನೆಯ ಕಾಂಪೌಂಡಿನ ಒಡಕಲು ಸಂದಿಯಿಂದ ಒಬ್ಬ ಮುದುಕ ಬಗ್ಗಿ ಈಚೆ ಬಂದ. ಖಾಕಿ ಷರಟು, ಮೊಣಕಾಲಿಗೆ ಎತ್ತಿ ಕಟ್ಟಿದ ಪಂಚೆ. ಹೆಗಲ ಮೇಲೆ ಕೀಲಿಯಿಲ್ಲ, ತುಂಬಿದ ಕೊಡ. ಅವನ ಹಿಂದೆ ನಾಗಮಣಿಯ ತಾಯಿ, ಇನ್ನೊಂದು ಕೊಡ. ಅವಳ ಹಿಂದೆ ಇನ್ಯಾರೋ. ಪಕ್ಕದ ಮನೆಗಳ ಸಂಪಿನ ನೀರು ಸಾಲಾಗಿ ಹಂಡೆಗೆ ಬರುತ್ತಿತ್ತು.

ಲೂರ್ದುಸ್ವಾಮಿ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡ. ಅಪ್ಪ ಸತ್ತ ಮೇಲೆ ಅವನ ನಡಿಗೆಯನ್ನು ಕಂಡದ್ದು ಈಗಲೇ.

"ಏನ್ ಇನ್ನಾಸಣ್ಣಾ," ಎಂದ ಪರದೆಯೊಳಗಿನ ಸಿದ್ದಪ್ಪಾಜಿ, ಸೊಂಟದ ಮೇಲೆ ಕೈಯಿಟ್ಟು. "ಊರ್ಗೆಲ್ಲ ರೂಲ್ಸು ಹೇಳೋನು ನೀನೇ ಕೊಡ ಹೊರ್ತಿದ್ದೀಯಾ? ನಿಮ್ಮ ಇಲಾಖೆ ಒಪ್ತದಾ?"

ಇನ್ನಾಸಪ್ಪ ಕೊಡವನ್ನು ಹಂಡೆಗೆ ಸುರಿದ, ತೋಳಿನಿಂದ ಮುಖ ಒರೆಸಿಕೊಂಡ. "ಒಡ್ದಿರೋದು ಮೇನ್ ಪೈಪು ಕಣೋ. ಪಕ್ಕದ್ಮನೆ ಒಡ್ದಿಲ್ವಲ್ಲ!"

ಸಿದ್ದಪ್ಪಾಜಿ ನಕ್ಕ. ತಲೆ ಹಿಂದಕ್ಕೆ ಎಸೆದು, ಬಾಯಿ ತುಂಬ, ಕಣ್ಣು ಮುಚ್ಚಿಹೋಗುವಂತೆ ನಕ್ಕ. ಒಂದು ಕೈ ಸೌಟಿನ ಮೇಲೆ, ಇನ್ನೊಂದು ಇನ್ನಾಸಪ್ಪನ ಒದ್ದೆ ಹೆಗಲ ಮೇಲೆ.

ವಿನೀತಾ ಅಲ್ಲಿಗೆ ನಿಲ್ಲಿಸಿದಳು. ಚಾನೆಲ್ಲಿನಲ್ಲಿ ಎಷ್ಟೋ ಭಾನುವಾರ ಹಾಕಿದ್ದ ಮದುವೆ ಇದೇ. ಆ ಕತ್ತರಿಸಿದ ಪ್ರತಿಯಲ್ಲಿ ಅಪ್ಪ ಆಡಿದ ಮಾತಿನ ಮೇಲೆ ಯಾವುದೋ ಸಿನಿಮಾದ ಹಾಡು ಬಡಿದುಕೊಳ್ಳುತ್ತಿತ್ತು. ಅಂತೋಣಮ್ಮ ಗಂಡನ ಮುಖ ನೋಡಿದಳು.

ಲೂರ್ದುಸ್ವಾಮಿ ಮುಂದಿನ ಕೋಣೆಗೆ ಹೋಗಿ ಗುಂಡಿ ಒತ್ತಿದ. ಆಮೇಲೆ ಬೀದಿಯ ಗುಂಪಿಗೆ ಫೋನಿನಲ್ಲಿ ಮಾತನ್ನೇ ರೆಕಾರ್ಡ್ ಮಾಡಿ ಕಳಿಸಿದ. "ಎಲ್ರೂ ಕೇಳಿ. ಬೆಳಿಗ್ಗೆ ನಾನು ಮಾಡಿದ್ದು ಅರ್ಧ ಸರಿ, ಅರ್ಧ ತಪ್ಪು. ಹೊರಗಿಂದ ದೊಡ್ಡ ಫೈಲು ಎಳ್ಯೋದ್ಕೆ ಕಡಿವಾಣ ಅಂಗೇ ಇರ್ತದೆ, ಲೈನ್ ಸರಿಯಾಗೋಗಂಟ. ನಮ್ ಬೀದಿ ಒಳಗೆ ಮನೆಯಿಂದ ಮನೆಗೆ ಎಷ್ಟು ಬೇಕಾದ್ರೂ ಕಳಿಸ್ಕಳಿ. ಅದು ಹೊರಗಿನ ಲೈನ್ ಮುಟ್ಟಲ್ಲ. ಅದ್ಕೂ ಬೀಗ ಹಾಕಿದ್ದು ನನ್ ಬುದ್ಧಿಗೆ ಹಾಕ್ಕಂಡಂಗೆ. ನಮ್ಮನೆಗೆ ಬೇಕಾಗಿತ್ತು, ಅದ್ಕೇ ಬುಡ್ಬಾರ್ದು ಅಂದ್ಕಂಡಿದ್ದೆ. ಅಂಗೂ ನ್ಯಾಯ ಕೆಡ್ತದೆ ಅಂತ ಗೊತ್ತಿರ್ಲಿಲ್ಲ."

ಮೊದಲ ಉತ್ತರ ಶಿವರಾಮುವಿನದು: ನಮ್ಮನೇಲಿ ಸಿನಿಮಾ ಬೇಕಾದಷ್ಟವೆ, ಯಾರ್ಗೆ ಯಾವ್ದು ಬೇಕು ಕೇಳಿ. ಬೀದಿಯ ಅರ್ಧ ಜನ ಅವನ ಕಂಪ್ಯೂಟರಿನ ಮೇಲೆ ಮುಗಿಬಿದ್ದರು. ಹೊರಗಿನ ಸಣ್ಣ ಲೈನು ಬೆಳಿಗ್ಗೆಯಿಂದ ಮೊದಲ ಸಲ ಆರಾಮಾಗಿ ಉಸಿರಾಡಿತು, ನಾಗಮಣಿಯ ಸೀರಿಯಲ್ಲು ಹಿಂದೆಂದೂ ಇಲ್ಲದಷ್ಟು ಸ್ಪಷ್ಟವಾಗಿ ಅತ್ತಿತು.

ಪಟ ಅಚ್ಚು ಹಾಕಿಸಲು ಸ್ಕೂಟರಿನಲ್ಲಿ ಲಕ್ಷ್ಮೀಪುರಂಗೆ ಹೊರಡುವ ಮೊದಲು ವಿನೀತಾ ಸಿದ್ದಲಿಂಗಮ್ಮನನ್ನು ಕರೆದು ತೋರಿಸಿದಳು. ಸಿದ್ದಲಿಂಗಮ್ಮ ಪರದೆಯ ಹತ್ತಿರ ಹೋಗಿ, ಸೆರಗಿನಿಂದ ಕೈ ಒರೆಸಿಕೊಂಡು, ಗಂಡನ ನಗುವನ್ನು ಬೆರಳಿನಿಂದ ಮುಟ್ಟಿದಳು. "ಇವ್ರೇ ಕಣವ್ವ. ಇವ್ರೇ ನಮ್ಮೋರು."

"ಪಕ್ಕದಲ್ಲಿರೋ ತಾತನ್ನ ಕತ್ತರಿಸಿ, ನಿಮ್ಮ ಯಜಮಾನ್ರನ್ನ ಮಾತ್ರ ದೊಡ್ಡದು ಮಾಡ್ಲಾ ಅತ್ತೆ?"

"ಯಾಕ್ ಕತ್ತರಿಸ್ತೀಯಾ? ನೀರು ತಂದವ್ರು. ಅವ್ರೂ ಇರ್ಲಿ."

ದೀಪ ಹಚ್ಚುವ ಹೊತ್ತಿಗೆ ಎದುರು ಮನೆಯ ಗೋಡೆಗೆ ಪಟ ಒರಗಿತ್ತು. ಪಟದ ಮುಂದೆ ಎಲೆ ಒಂದಲ್ಲ, ಎರಡು. ಲೂರ್ದುಸ್ವಾಮಿ ಬಾಗಿಲಲ್ಲೇ ನಿಂತ. ಕ್ರೈಸ್ತರಾದ ಇವರ ಸತ್ತವರಿಗೆ ಹಬ್ಬ ಬರುವುದು ನವೆಂಬರಿನಲ್ಲಿ, ಅದೂ ಸಮಾಧಿಯ ಮುಂದೆ ಮೇಣದಬತ್ತಿ ಹಚ್ಚುವುದು. ಎಲೆ ಹಾಕುವ ಪದ್ಧತಿಯಿಲ್ಲ. ಫಾದರ್ ಕೇಳಿದರೆ ಏನು ಹೇಳುವುದೆಂದು ಒಂದು ಕ್ಷಣ ಯೋಚಿಸಿದ. ಅಂತೋಣಮ್ಮ ಆಗಲೇ ಒಳಗೆ ಕೂತು ಎಲೆ ಒರೆಸುತ್ತಿದ್ದಳು.

ಸಿದ್ದಪ್ಪಾಜಿಗೆ ಏನು ಬಡಿಸಬೇಕೆಂದು ಹೇಳುವವರೇ ಬೇಕಿರಲಿಲ್ಲ. ಮುದ್ದೆ, ಮೂಳೆ ಸಾರು, ವಡೆ, ಪಕ್ಕದಲ್ಲೊಂದು ಬೀಡಿ ಕಟ್ಟು. ಸಿದ್ದಲಿಂಗಮ್ಮ ಇನ್ನೊಂದು ಎಲೆಯ ಕಡೆ ತಿರುಗಿದಳು.

"ಲೂರ್ದಣ್ಣ, ನಿಮ್ಮಪ್ಪಾವ್ರಿಗೆ ಏನಿಷ್ಟ?"

ಲೂರ್ದುಸ್ವಾಮಿ ಖಾಲಿ ಎಲೆಯನ್ನು ನೋಡಿದ. ಎಷ್ಟು ಯೋಚಿಸಿದರೂ ಅಪ್ಪ ಇಂಥದ್ದು ಬೇಕೆಂದು ಕೇಳಿದ ನೆನಪು ಒಂದೂ ಇರಲಿಲ್ಲ.

"ಗೊತ್ತಿಲ್ಲ ಕಣಮ್ಮ," ಎಂದ. "ಯಾವಾಗ್ಲೂ ಕೊನೇಲಿ ಉಣ್ತಿದ್ರು. ಏನುಳಿದಿರ್ತಿತ್ತೋ ಅದೇ."

ಸಿದ್ದಲಿಂಗಮ್ಮ ಗಂಡನ ಎಲೆಯತ್ತ ಚಾಚಿದ್ದ ಸೌಟನ್ನು ಹಿಂದಕ್ಕೆಳೆದುಕೊಂಡಳು. ಸಾರನ್ನು ತಳದಿಂದ ಕಲಕಿ, ಒಳ್ಳೆಯ ಮಾಂಸದ ತುಂಡುಗಳನ್ನು ಆರಿಸಿ, ಇನ್ನಾಸಪ್ಪನ ಎಲೆಗೆ ಮೊದಲು ಬಡಿಸಿದಳು.

ಎಡೆ ಇಟ್ಟ ಮೇಲೆ ಹಿರಿಯರು ಸಂಕೋಚವಿಲ್ಲದೆ ಉಣ್ಣಲೆಂದು ಬಾಗಿಲು ಹಾಕಿ ಎಲ್ಲರೂ ಹೊರಗೆ ಜಗಲಿಯಲ್ಲಿ ನಿಂತರು. ಒಳಗೆ ದೀಪ ಉರಿಯುತ್ತಿತ್ತು. ಅಷ್ಟರಲ್ಲಿ ಲೂರ್ದುಸ್ವಾಮಿಯ ಜೇಬಿನಲ್ಲಿ ಫೋನು ಬಡಿದುಕೊಂಡಿತು, ಕಂಪನಿಯವರದು. ಬೀದಿಯ ಆ ತುದಿಯಿಂದ ಶಿವರಾಮು ಓಡಿಬಂದ.

"ಲೂರ್ದಣ್ಣ! ಮೇನ್ ಲೈನ್ ಸರಿ ಆಯ್ತಂತೆ! ಬನ್ನಿ ಬನ್ನಿ, ಬೇಗ ಬುಡ್ಬನ್ನಿ, ಜನ ಕಾಯ್ತಾವ್ರೆ!"

ಲೂರ್ದುಸ್ವಾಮಿ ಫೋನಿನ ಸದ್ದು ಅಡಗಿಸಿ ಜೇಬಿಗೆ ಹಾಕಿಕೊಂಡ. ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

"ಕಾಯ್ಲಿ ಬುಡು," ಎಂದ. "ಅಪ್ಪ ಉಣ್ತಾವ್ರೆ."